ರುಚಿತಾಗೆ ಬಾರದ ಕನ್ನಡ

ಆ ಶನಿವಾರ ಅಮರ ಮೀಸೆ ಬೋಳಿಸಿಕೊಂಡು ವೈಜಾಪುರದ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಹತ್ತು ವರ್ಷ ನಾನು ಗೋಗರೆದರೂ ತೆಗೆಯದ ಮೀಸೆ! ಈಗ ತೆಗೆದಿದ್ದಾನೆ, ಭಾಡ್ಯಾ, ಬಿಟ್ಟು ಹೋದ ಹೆಂಡತಿಗೆ ತೋರಿಸಲಿಕ್ಕೆ.

ನಾನು ನಾಸಿಕ್‌ನಲ್ಲಿ, ಅವನು ಸಂಭಾಜಿನಗರದಲ್ಲಿ. ಬೇರೆಯಾಗಿ ಒಂದು ವರ್ಷ. ತಿಂಗಳಿಗೆರಡು ಶನಿವಾರ, ನಡುದಾರಿಯ ಈ ಊರಿನಲ್ಲಿ ಒಂಬತ್ತು ವರ್ಷದ ಮಗಳು ರುಚಿತಾಳನ್ನು ಅವನ ಕೈಗೊಪ್ಪಿಸುತ್ತೇನೆ. 'ಮಗುವಿನ ಮುಂದೆ ಮುಖ ಸಿಂಡರಿಸಬೇಡಿ. ಜೊತೆಗೆ ಕೂತು ಚಹಾ ಕುಡಿಯಿರಿ, ಅವಳ ವಿಷಯ ಮಾತಾಡಿ' ಎಂದು ಕೌನ್ಸೆಲರ್ ಮೇಡಂ ಹೇಳಿದ್ದರು. ಮಗಳ ಹೋಂವರ್ಕ್, ಮಗಳ ಹುಳುಕು ಹಲ್ಲು ಎನ್ನುತ್ತ ಎನ್ನುತ್ತ ಅವನು ನನ್ನ ಕಣ್ಣು ನೋಡತೊಡಗಿದ. ನಾನೇನು ಕಡಿಮೆಯೇ? ಕಾಡಿಗೆ ಹಚ್ಚಿಕೊಂಡು ಬರತೊಡಗಿದೆ.

"ಇಷ್ಟ್ಯಾಕ ಚಂದ ಕಾಣ್ಲಕತ್ತಿ?" ಎಂದ ಅಮರ, ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಚಹಾದ ಕಪ್ಪು ನನ್ನತ್ತ ಸರಿಸುತ್ತ.

"ಸುಮ್ನಿರ್ರಿ. ಪೋರಿ ಕುಂತಾಳ."

"ಕುಂದರ್ಲಿ ಬಿಡು. ಆಕೀಗೆಲ್ಲಿ ಕನ್ನಡ ಬರ್ತದ?"

ಅದೂ ಖರೇ. ರುಚಿತಾ ಆಡುವುದೆಲ್ಲ ಮರಾಠಿ. ಅವಳಿಗೆ ತಿಳಿಯಬಾರದೆಂದೇ ನಾವು ಮನೆಯ ಜಗಳವನ್ನೆಲ್ಲ ಕನ್ನಡದಲ್ಲಿ ಆಡಿದ್ದೆವು. ಈಗ ಪ್ರೀತಿಯನ್ನೂ ಅದರಲ್ಲೇ ಆಡಿದರೆ ತಪ್ಪೇನು?

"ರೂಪಾ, ನಾಸಿಕ್ ಬ್ರ್ಯಾಂಚಿಗೆ ಟ್ರಾನ್ಸ್‌ಫರ್ ಕೇಳೀನಿ. ನಿನ್ನ ಬಿಟ್ಟು ಇರ್ಲಾಕ ಆಗ್ವಲ್ದು. ಮತ್ತ ಕೂಡಿ ಇರೋಣೇನು?"

ವರ್ಷವಿಡೀ ನಾನು ಕಾದದ್ದು ಈ ಒಂದು ಮಾತಿಗೆ. "ನಾಳಿಗೇ ಬರ್ರಿ," ಎಂದೆ, ನಾಚಿಕೆ ಬಿಟ್ಟು.

ರುಚಿತಾಳ ಕೈಯ ಬಿಸ್ಕಿಟು ಚಹಾದಲ್ಲಿ ಬಿತ್ತು. ಅವಳು ಒಂದೊಂದೇ ಶಬ್ದ ಹುಡುಕಿದಳು.

"ಪಪ್ಪಾ, ನೀವು... ಮನೀಗ್ ಬರಬ್ಯಾಡ."

ಕನ್ನಡದಲ್ಲಿ!

"ನೀವು ಮನ್ಯಾಗ ಇದ್ರ... ಮಮ್ಮಿ ನಿಮಗ 'ಸಾಯಿ' ಅಂತಾಳ. ನೀವು 'ಈ ಪೋರಿ ಹುಟ್ಟದಿದ್ರ ನಾ ಎಂದೋ ಬಿಟ್ಟು ಹೋಗ್ತಿದ್ದೆ' ಅಂತೀರಿ."

ಆ ಕೊನೆಯ ಮಾತನ್ನು ಮಾತ್ರ ಒಂದು ತಪ್ಪಿಲ್ಲದೆ ಹೇಳಿದಳು. ಎಷ್ಟು ಸಲ ಕೇಳಿದ್ದಳೋ!

"ಈಗ ರಾತ್ರಿ ನಂಗ ಚೊಲೋ ನಿದ್ದಿ ಬರ್ತದ," ಎಂದು ಸೇರಿಸಿದಳು.

ಅಮರನ ಮುಖ ಬಿಳಿಚಿತು. "ಹಂಗಲ್ಲ ಬೇಟಾ, ಇನ್ಮ್ಯಾಲ ನಾವು..." ಎಂದವನು ನನ್ನತ್ತ ತಿರುಗಿ ನೋಡಿದ. ಅಯ್ಯೋ ಶಿವನೇ, ಆ ಕಣ್ಣು! ಹೂಂ ಎಂದುಬಿಡಲು ನನ್ನ ಜೀವ ಒದ್ದಾಡಿತು.

"ಟ್ರಾನ್ಸ್‌ಫರ್ ಅರ್ಜಿ ವಾಪಸ್ ತಗೋರಿ," ಎಂದೆ.

"ನಿಂಗ ನನ್ ಮ್ಯಾಲ ಏನೂ ಇಲ್ಲೇನು?"

"ಜೀವಾನೇ ಅದರಿ. ಆದ್ರೂ ಬರಬ್ಯಾಡ್ರಿ."

ರುಚಿತಾಳ ಬ್ಯಾಗನ್ನು ಅವನ ಹೆಗಲಿಗೇರಿಸಿದೆ. ಅವಳು ಅಪ್ಪನ ಕೈ ಹಿಡಿದು, ಕುಣಿಯುತ್ತ, ಸಂಭಾಜಿನಗರದ ಬಸ್ಸು ಹತ್ತಿದಳು.