ಟವೆಲ್ಲಿನ ಗಂಟು

ಪದ್ಮಿನಿಗೆ ದಮ್ಮಿರಲಿಲ್ಲ.

ಮಿಕ್ಕಿದ್ದೆಲ್ಲ ಇತ್ತು. ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಬೇಕಾದ ಎತ್ತರವಿತ್ತು, ಪಿಯುಸಿಯಲ್ಲಿ ಒಳ್ಳೆಯ ಅಂಕವಿತ್ತು, ಪಟ್ಟಿಯಲ್ಲಿ ಹೆಸರಿತ್ತು. ಓಟದ ಪರೀಕ್ಷೆಯೊಂದು ಬಾಕಿ, ಅದು ಬರುವ ತಿಂಗಳ ಒಂದು ಗುರುವಾರ. ಹನೂರಿನಾಚೆಯ ಊರು ಬಿಟ್ಟು ಕೊಳ್ಳೇಗಾಲಕ್ಕೆ ಬಂದು, ಗೆಳತಿ ಶೃತಿಯ ಜೊತೆ ರೂಮು ಮಾಡಿದ್ದೇ ಅದಕ್ಕೆ. ಆದರೆ ಕಾಲೇಜು ಮೈದಾನದ ಎರಡನೇ ಸುತ್ತಿಗೇ ಅವಳ ಎದೆ ಹಳೇ ಪಂಪ್‌ಸೆಟ್ಟಿನಂತೆ ಸದ್ದು ಮಾಡಿ ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ಹಾಗೆ ನಿಂತು, ಮಂಡಿಗೆ ಕೈಯೂರಿ, ನೆಲ ನೋಡುತ್ತಿದ್ದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಮಾದಸ್ವಾಮಿಯ ಶೂಗಳು. ಒಂದಕ್ಕೆ ಬಿಳಿ ಲೇಸು, ಇನ್ನೊಂದಕ್ಕೆ ಹಸಿರು.

"ಓಟ ಮುಗೀತಾ?"

"ಓಟ ಮುಗೀನಿಲ್ಲ. ನಾನೇ ಮುಗ್ದೋದೆ."

ಅವನು ನಕ್ಕ. ಹೆಗಲ ಮೇಲಿದ್ದ ಟವೆಲ್ಲಿನ ಒಂದು ತುದಿಯನ್ನು ಸೊಂಟದ ಹಿಂದೆ ಬೆಲ್ಟಿಗೆ ಬಿಗಿದು ಇನ್ನೊಂದು ತುದಿಯನ್ನು ಅವಳತ್ತ ಚಾಚಿದ. ಆ ಮೈದಾನದಲ್ಲಿ ಓಡುವವರಿಗೆಲ್ಲ ಗೊತ್ತಿದ್ದ ಪದ್ಧತಿ ಅದು. ದಮ್ಮಿದ್ದವರು ಮುಂದೆ, ಇಲ್ಲದವರು ಟವೆಲ್ ಹಿಡಿದು ಹಿಂದೆ.

"ಇಡ್ಕೊ. ಒಂದೇ ರೂಲು. ಆಗ್ನಿಲ್ಲ ಅಂದ್ರೆ ಕೈ ಬುಟ್ಬುಡು. ಜಗ್ಗುದ್ರೆ ಇಬ್ರೂ ಬೀಳ್ತೀವಿ."

"ನೀವ್ ಬೀಳೋರಂಗೆ ಕಾಣಲ್ಲ."

"ಬಿದ್ದಾಗ್ಲೇ ಗೊತ್ತಾಗೋದು ಬುಡು."

ಯಳಂದೂರಿನವನು. ಬೇಸಿಗೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ದಿನಗೂಲಿಯ ಬೆಂಕಿ ಕಾವಲು ಕಾದಿದ್ದ. ಅವನದೂ ಅದೇ ಪರೀಕ್ಷೆ, ಅದೇ ಗುರುವಾರ. ವಯಸ್ಸಿನ ಮಿತಿ ಮುಟ್ಟಿದ್ದರಿಂದ ಅವನಿಗೆ ಇದೇ ಕೊನೆಯ ಸಲ. ಮುಂಜಾನೆಯ ಮೊದಲ ಬಸ್ಸಿಗೆ ಬಂದು, ಓಡಿ, ನಲ್ಲಿಯಲ್ಲಿ ಮುಖ ತೊಳೆದು ಹೋಗುತ್ತಿದ್ದ.

ಎಲ್ಲರೂ ಮುಖ ನೋಡಿ ಪ್ರೀತಿಸುತ್ತಾರೆ. ಪದ್ಮಿನಿ ಬೆನ್ನು ನೋಡಿ ಪ್ರೀತಿಸಿದಳು. ಕಿವಿಯ ಹಿಂದಿನ ಮಚ್ಚೆ, ಕತ್ತಿನಿಂದ ಇಳಿದು ಬನಿಯನ್ನಿನೊಳಗೆ ಮರೆಯಾಗುವ ಬೆವರಿನ ಗೆರೆ, ಬಲಕ್ಕೆ ತಿರುಗುವಾಗ ಚೂರೇ ಏಳುವ ಭುಜ, ಇಷ್ಟೂ ಅವಳಿಗೆ ಬಾಯಿಪಾಠವಾಯಿತು. ಅವನೋ ಹಿಂದೆ ತಿರುಗುತ್ತಲೇ ಇರಲಿಲ್ಲ.

"ನಾನಿದೀನೋ ಇಲ್ವೋ ಅಂತಾದ್ರೂ ನೋಡಬಾರ್ದಾ?" ಎಂದಳು ಒಂದು ದಿನ.

"ನೋಡ್ಬೇಕಾ? ಟವೆಲ್ ಬಿಗಿಯಾದ್ರೆ ನಿಂಗೆ ಸುಸ್ತು. ಸಡ್ಲ ಆದ್ರೆ ಖುಷಿ. ಸುಮ್‌ಸುಮ್ನೆ ಅಲ್ಲಾಡಿದ್ರೆ ಏನೋ ಯೋಚ್ನೆ ಮಾಡ್ತಿದೀಯ ಅಂತ."

"ಏನ್ ಯೋಚ್ನೆ ಅಂತ ಗೊತ್ತಾಗಲ್ವಾ?"

"ಅದ್ಕೆ ಇನ್ನೂ ಉದ್ದದ್ ಟವೆಲ್ ಬೇಕು."

ಅವನ ಟವೆಲ್ ಹರಿದಾಗ ಅವಳೇ ಪೇಟೆಯಲ್ಲಿ ಹುಡುಕಿ ಕೆಂಪು ಬಣ್ಣದ್ದನ್ನು ತಂದಳು. ತನ್ನ ತುದಿಗೆ ಒಂದು ಗಂಟು ಹಾಕಿದಳು. ಮುಷ್ಟಿಗೆ ಸರಿಯಾಗಿ ಕೂರುವ ಗಂಟು. ಐ ಲವ್ ಯೂ ಎಂದು ಇಬ್ಬರೂ ಹೇಳಿರಲಿಲ್ಲ. ಗಂಟು ಇತ್ತು, ಸಾಕಾಗಿತ್ತು.

ಪರೀಕ್ಷೆಗೆ ವಾರವಿರುವಾಗ ಅವಳಿಗೆ ನೆಗಡಿಯಾಯಿತು.

ಮೊದಲ ದಿನ ಮೂಗು ಒರೆಸಿಕೊಂಡೇ ಓಡಿದಳು. ಏನೂ ಆಗಲಿಲ್ಲ. ಎರಡನೇ ದಿನ ಕೆಮ್ಮು ಎದೆಗಿಳಿಯಿತು, ಮೈ ಸುಡತೊಡಗಿತು. ಶೂ ಹಾಕಿಕೊಳ್ಳುತ್ತಿದ್ದವಳ ಹಣೆ ಮುಟ್ಟಿ ಶೃತಿ ಲೇಸು ಬಿಚ್ಚಿಬಿಟ್ಟಳು.

"ಕತ್ತಿನ್ ಮೇಲ್ಗಡೆ ಕಾಯ್ಲೆ ಆದ್ರೆ ಓಡಬೌದು. ನೆಗಡಿ, ಸೀನು, ಅಂಥದ್ದು. ಕತ್ತಿನ್ ಕೆಳಗೆ ಇಳೀತೋ, ಕೆಮ್ಮು, ಜ್ವರ, ಮೈಕೈ ನೋವು ಬಂತೋ, ಸುಮ್ನೆ ಮಲೀಕೋಬೇಕು. ಮೊಬೈಲಲ್ಲಿ ಡಾಕ್ಟ್ರು ಏಳವ್ರೆ."

"ಮೊಬೈಲಲ್ಲಿ ಎಲ್ರೂ ಡಾಕ್ಟ್ರೇ."

"ಮಲೀಕೊ ಕಣಮ್ಮಿ. ಗುರುವಾರ ಓಡಿದ್ರೆ ಸಾಕು. ಇವತ್ತು ಓಡಿ ಯಾರ್ಗೆ ತೋರಿಸ್ಬೇಕು?"

ಶೃತಿ ಮುಳ್ಳೂರಿನವಳು, ಅದೇ ಪಟ್ಟಿಯಲ್ಲಿದ್ದವಳು. ಚಂದದ ಹುಡುಗಿ. ಅದು ಪದ್ಮಿನಿಗೆ ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ಆ ಬೆಳಿಗ್ಗೆ ಶೃತಿ ಕನ್ನಡಿಯ ಮುಂದೆ ಕೂದಲನ್ನು ಎರಡು ಸಲ ಕಟ್ಟಿದಳು. ಓಡುವುದಕ್ಕೆ ಒಂದು ಸಲ ಸಾಕು.

ರೂಮು ಇದ್ದದ್ದು ಗುರುಸಿದ್ದಮ್ಮನವರ ಮನೆಯ ಮಹಡಿಯ ಮೇಲೆ. ನೀರಿನ ಟ್ಯಾಂಕಿನ ಪಕ್ಕ ನಿಂತರೆ ಮೈದಾನದ ಅರ್ಧ ಕಾಣುತ್ತಿತ್ತು. ಉಳಿದರ್ಧಕ್ಕೆ ಕಾಲೇಜಿನ ಕಟ್ಟಡ ಅಡ್ಡ. ಪದ್ಮಿನಿ ಕಂಬಳಿ ಹೊದ್ದು ಹೋಗಿ ನಿಂತಳು. ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು.

ಕೆಂಪು ಟವೆಲ್ ಕಂಡಿತು.

ಮುಂದೆ ಮಾದಸ್ವಾಮಿ. ಹಿಂದೆ, ಅದರ ತುದಿ ಹಿಡಿದು, ಶೃತಿ. ಎರಡು ಸಲ ಕಟ್ಟಿದ ಕೂದಲು ಅತ್ತಿತ್ತ ಹಾರುತ್ತಿತ್ತು. ಇಬ್ಬರೂ ಕಟ್ಟಡದ ಹಿಂದೆ ಮರೆಯಾದರು.

ಪದ್ಮಿನಿ ಕಾದಳು. ಬರಲಿಲ್ಲ. ಬರಲೇ ಇಲ್ಲ. ಆಮೇಲೆ ಬಂದರು. ಶೃತಿ ನಗುತ್ತಿದ್ದಳು. ಆ ದೂರಕ್ಕೆ ನಗು ಕಾಣುವುದಿಲ್ಲ. ಆದರೂ ನಗುತ್ತಿದ್ದಳು.

ಮತ್ತೆ ಮರೆಯಾದರು. ಕಟ್ಟಡದ ಹಿಂದೆ ಏನಿದೆ? ಅವಳೂ ತಿಂಗಳಿಂದ ಅಲ್ಲೇ ಓಡಿದ್ದಳು, ಆದರೆ ಅವನ ಬೆನ್ನು ಬಿಟ್ಟು ಇನ್ನೇನನ್ನೂ ನೋಡಿರಲಿಲ್ಲ. ಈಗ ಅವಳ ಜ್ವರದ ತಲೆ ಅಲ್ಲೊಂದು ಮರ ನೆಟ್ಟಿತು, ಮರದಡಿ ಕಲ್ಲಿನ ಬೆಂಚು ಹಾಕಿತು, ಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿತು.

ಶೃತಿ ಇಡ್ಲಿ ಪಾರ್ಸೆಲ್ ಹಿಡಿದು ಬಂದಾಗ ಪದ್ಮಿನಿ ಗೋಡೆ ಕಡೆ ತಿರುಗಿ ಮಲಗಿದ್ದಳು.

"ಸ್ವಾಮಿ ಏನಂದ?"

"ನಿನ್ನ ಕೇಳ್ದ."

"ಏನಂತ?"

"ಎಂಗವ್ಳೆ ಅಂತ."

"ಅಷ್ಟೇನಾ?"

"ಇನ್ನೇನ್ ಹರಿಕತೆ ಮಾಡ್ಬೇಕಿತ್ತಾ? ಓಡ್ತಿದ್ದ ಕಣೇ, ದಮ್ಮಿದ್ರೆ ತಾನೇ ಮಾತು. ಎದ್ದು ತಿನ್ನು."

"ನಿಂಗೆ ದಮ್ಮಿತ್ತಲ್ಲ ಶೃತಿ. ನಿಂಗ್ಯಾಕೆ ಟವೆಲ್ಲು?"

ಶೃತಿ ಚಟ್ನಿಯ ಕವರ್ ಹರಿಯುವುದನ್ನು ನಿಲ್ಲಿಸಿದಳು. "ಮೇಲಿಂದ ನೋಡ್ತಿದ್ಯಾ? ಜ್ವರದಲ್ಲಿ? ಥೂ, ನಿನ್ನ." ಇಷ್ಟೇ ಹೇಳಿ ಸ್ನಾನಕ್ಕೆ ಹೋದಳು. ಉತ್ತರ ಕೊಡಲಿಲ್ಲ. ಪದ್ಮಿನಿಗೆ ಬೇಕಾಗಿದ್ದದ್ದೂ ಅದೇ. ಉತ್ತರ ಕೊಡದಿದ್ದರೆ ಉತ್ತರ ತಾನೇ ಬರೆದುಕೊಳ್ಳಬಹುದು.

ಸಂಜೆ ಬೀದಿಯಲ್ಲಿ ಮಾದಸ್ವಾಮಿ ನಿಂತಿದ್ದ, ಕೈಯಲ್ಲಿ ಎರಡು ಎಳನೀರು. ಗುರುಸಿದ್ದಮ್ಮ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಯಾರ್ ಮಗನಪ್ಪಾ ನೀನು?"

"ನಮ್ಮಪ್ಪನ್ ಮಗನೇ ಕಣಜ್ಜಿ. ಉಸಾರಿಲ್ಲ ಅಂದ್ರು, ಎಳ್ನೀರ್ ಕೊಡಕ್ ಬಂದೆ."

"ಎಳ್ನೀರ್ ಒಳಿಕ್ ಬರ್ಲಿ. ನೀನ್ ಅಲ್ಲೇ ಇರು."

ಪದ್ಮಿನಿ ಮಹಡಿಯ ಕಟಕಟೆಗೆ ಬಂದಳು. ಅವನು ಕತ್ತೆತ್ತಿ ನೋಡಿದ. ಹಿಂದೆ ತಿರುಗದವನು ಈಗ ಕಣ್ಣು ಕೀಳಲಿಲ್ಲ. ಆ ನೋಟಕ್ಕಾಗಿ ಅವಳು ಒಂದು ತಿಂಗಳು ಓಡಿದ್ದಳು. ಸಿಕ್ಕಾಗ ಬಾಯಿಗೆ ಬಂದದ್ದು ಬೇರೆ.

"ಕೆಂಪು ಟವೆಲ್ ಮೇಲಿಂದ ಚೆಂದ ಕಾಣ್ತದೆ."

"ಏನ್ ಟವೆಲ್ಲು?"

"ನಾನ್ ತಂದ್ಕೊಟ್ಟಿದ್ದು."

ಅವನಿಗೆ ಅರ್ಥವಾಯಿತು. ಮುಖದಲ್ಲಿ ಒಂದು ನಗು ಹುಟ್ಟಿತು. ಅದನ್ನು ಬಚ್ಚಿಡಲು ನೆಲ ನೋಡಿದ, ಆಗಲಿಲ್ಲ. "ಮಲೀಕೊ ಪದ್ಮಿ. ಓಡಕ್ ಗೀಡಕ್ ಬರ್ಬೇಡ" ಎಂದ. ಹೋಗುವಾಗ ಸಿಳ್ಳೆ ಹಾಕುತ್ತ ಹೋದ.

ಸಿಳ್ಳೆ ಯಾತಕ್ಕೆ ಎಂಬ ಪ್ರಶ್ನೆ ಅವಳ ಜೊತೆ ಮಲಗಿತು, ಅವಳ ಜೊತೆ ಎದ್ದಿತು.

ಬೆಳಿಗ್ಗೆ ಶೃತಿ ಬಚ್ಚಲಿನಲ್ಲಿದ್ದಾಗ ಪದ್ಮಿನಿ ಜ್ವರದ ಮಾತ್ರೆ ನುಂಗಿದಳು. ಹಾಸಿಗೆಯ ಮೇಲೆ ಕೂತು ತೀರ್ಮಾನ ಮಾಡಬೇಕಾಗಿತ್ತು. ಕತ್ತಿನ ಮೇಲೋ, ಕೆಳಗೋ? ಕೆಮ್ಮಿದರೆ ಪಕ್ಕೆ ಚುಚ್ಚುತ್ತಿತ್ತು. ತೊಡೆ ನೋಯುತ್ತಿತ್ತು. ಎಲ್ಲ ಕೆಳಗೇ. ಆದರೆ ನಿಜವಾಗಿ ನೋಯುತ್ತಿದ್ದದ್ದು ನಿನ್ನೆ ಕಂಡದ್ದು. ಕಂಡದ್ದು ಕಣ್ಣಿನಿಂದ, ಕಣ್ಣು ಕತ್ತಿನ ಮೇಲಿದೆ. ಓಡಬಹುದು.

ಹೀಗೆ ಲೆಕ್ಕ ಹಾಕಿ ಶೂ ಕಟ್ಟಿದಳು.

ಮೈದಾನದಲ್ಲಿ ಅವನು ಟವೆಲ್ ಬೆಲ್ಟಿಗೆ ಬಿಗಿಯುತ್ತಿದ್ದ. ಅವಳನ್ನು ನೋಡಿ ಕೈ ನಿಂತಿತು.

"ಜ್ವರ ಬುಡ್ತಾ?"

"ಬುಡ್ತು."

"ನಿಜವಾ?"

"ಯಾಕೆ, ಬೇರೆ ಯಾರ್ನಾದ್ರೂ ಕಾಯ್ತಿದ್ರಾ?"

ಅವನು ಗಂಟನ್ನು ಅವಳ ಕೈಗಿಟ್ಟ. ಅವನ ಬೆರಳು ಅವಳ ಅಂಗೈಯಲ್ಲಿ ಬೇಕಾದ್ದಕ್ಕಿಂತ ಚೂರು ಹೆಚ್ಚು ಹೊತ್ತು ಉಳಿಯಿತು. ಅಷ್ಟರಲ್ಲಿ ಶೃತಿ ಒದ್ದೆ ತಲೆಯಲ್ಲೇ ಓಡಿ ಬಂದಳು.

"ಲೇ ಪದ್ಮಿ, ಬ್ಯಾಡ ಕಣೇ! ಸ್ವಾಮಿ, ಅವ್ಳಿಗೆ ಜ್ವರ ಬುಟ್ಟಿಲ್ಲ, ಮಾತ್ರೆ ನುಂಗ್ಬುಟ್ಟು ಬಂದವ್ಳೆ!"

"ನಿಂಗ್ಯಾಕೆ ಒಟ್ಟೆ ಉರಿ?" ಎಂದಳು ಪದ್ಮಿನಿ. ಮೈದಾನದಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಶೃತಿಯ ಮುಖ ಸಣ್ಣಗಾಯಿತು. "ಓಡಾನ ನಡೀರಿ," ಎಂದಳು ಪದ್ಮಿನಿ ಅವನಿಗೆ.

ಓಡಿದರು. ಒಂದು ಸುತ್ತು ಚೆನ್ನಾಗಿತ್ತು. ಮಚ್ಚೆ ಇದ್ದಲ್ಲೇ ಇತ್ತು, ಬೆವರಿನ ಗೆರೆ ಇಳಿಯಿತು, ಭುಜ ಎದ್ದಿತು. ಎಲ್ಲ ಮತ್ತೆ ಅವಳದೇ. ಎರಡನೇ ಸುತ್ತಿನಲ್ಲಿ ಪಕ್ಕೆಯಲ್ಲಿ ಚಾಕು ಆಡತೊಡಗಿತು. ಕಟ್ಟಡದ ಹಿಂದೆ ಬಂದಾಗ ಅವಳು ಮೊದಲ ಸಲ ಅವನ ಬೆನ್ನು ಬಿಟ್ಟು ಸುತ್ತ ನೋಡಿದಳು.

ಅಲ್ಲಿ ಮರವಿರಲಿಲ್ಲ. ಬೆಂಚಿರಲಿಲ್ಲ. ಒಂದು ಜಲ್ಲಿ ರಾಶಿ, ಮುರಿದ ಮೇಜುಗಳು, ಬಾಯಿ ತೆರೆದ ಚರಂಡಿ.

ನಗು ಬಂತು. ನಗಲು ಉಸಿರಿರಲಿಲ್ಲ. ಕಣ್ಣಿಗೆ ಕತ್ತಲೆ ಬಂತು. ಆಗ ಕೈ ಬಿಡಬೇಕಾಗಿತ್ತು. ಅದೊಂದೇ ರೂಲು. ಆದರೆ ಗಂಟು ಬಿಟ್ಟರೆ ಅದು ಯಾರ ಕೈಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಟವೆಲ್ಲನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡಳು. ಹಾಗೇ ಬಿದ್ದಳು.

ಹಿಂದಿನಿಂದ ಜಗ್ಗಿದ ರಭಸಕ್ಕೆ ಮಾದಸ್ವಾಮಿ ಗಿರಕಿ ಹೊಡೆದು ಜಲ್ಲಿಯ ಮೇಲೆ ಬಿದ್ದ. ಅವನ ಬಲ ಮೊಣಕಾಲು ಮಡಚಬಾರದ ಕಡೆಗೆ ಮಡಚಿತು.

ಶೃತಿಯೇ ಆಟೋ ಕರೆದಳು. ಕೆಂಪು ಟವೆಲ್ಲಿನಿಂದ ಅವನ ಮೊಣಕಾಲು ಕಟ್ಟಿದಳು. ಪದ್ಮಿನಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಸ್ಪತ್ರೆ ತಲುಪುವವರೆಗೆ ಆಟೋದ ಹೊರಗೇ ನೋಡುತ್ತಿದ್ದಳು.

ಅವಳಿಗೆ ನ್ಯುಮೋನಿಯಾ. ಅವನಿಗೆ ಮೊಣಕಾಲಿನ ಲಿಗಮೆಂಟು ಹರಿದಿತ್ತು.

ಗುರುವಾರ ಶೃತಿ ಒಬ್ಬಳೇ ಚಾಮರಾಜನಗರದ ಬಸ್ಸು ಹತ್ತಿದಳು. ಅದೇ ಹೊತ್ತಿಗೆ ಮಾದಸ್ವಾಮಿ ಕೋಲೂರಿಕೊಂಡು ಹೆಂಗಸರ ವಾರ್ಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಅವಳ ಕೈಯಲ್ಲಿ ಡ್ರಿಪ್ಪಿನ ಸೂಜಿ, ಅವನ ಕಾಲಿಗೆ ಬಿಳಿ ಪಟ್ಟಿ.

"ನಿನ್ನ ಕೊನೇ ಚಾನ್ಸು," ಎಂದಳು. ಮೊದಲ ಸಲ ನೀನು ಎಂದದ್ದು. "ನಾನ್ ತಿಂದ್ಕೊಂಡೆ."

"ಎಲ್ಲಾನೂ ನೀನೊಬ್ಳೇ ತಕಬೇಡ. ಗಂಟು ಕೊಡುವಾಗ ಕೈ ಮುಟ್ಟಿದ್ನಲ್ಲ, ಸುಡ್ತಿತ್ತು."

"ಗೊತ್ತಿತ್ತಾ?"

"ಗೊತ್ತಿತ್ತು. ಎರಡ್ನೇ ಸುತ್ತಲ್ಲಿ ಟವೆಲ್ ಬಿಗಿ ಆಯ್ತು. ಆಗ್ಲೂ ಗೊತ್ತಾಯ್ತು."

"ಮತ್ಯಾಕ್ ನಿಲ್ಲಿಸ್ನಿಲ್ಲ?"

ಅವನು ಕೋಲಿನ ತುದಿಯಿಂದ ನೆಲ ಗೀಚಿದ. "ನಂಗೋಸ್ಕರ ಯಾರೂ ಅಂಗೆ ಉರ್ಕೊಂಡಿರ್ನಿಲ್ಲ ಪದ್ಮಿ. ಚೆಂದಾಗಿತ್ತು. ಇನ್ನೊಂದ್ ಸುತ್ತು ಉರ್ಕೊಳ್ಲಿ ಅನ್ನಿಸ್ತು."

ಅವಳಿಗೆ ಎದ್ದು ಹೊಡೆಯಬೇಕೆನಿಸಿತು. ಸೂಜಿ ಬಿಡಲಿಲ್ಲ. ಗೋಡೆ ಕಡೆ ತಿರುಗಿದಳು. ಅಲ್ಲಿಂದಲೇ, ಕೇಳಬಾರದು ಎಂದುಕೊಂಡಿದ್ದನ್ನೇ ಕೇಳಿದಳು.

"ಅವ್ಳು ಟವೆಲ್ ಇಡ್ಕೊಂಡಾಗ ಎಂಗಿತ್ತು? ಬಿಗೀನಾ, ಸಡ್ಲಾನಾ?"

"ನಾನೇ ಕರ್ದಿದ್ದು ಅವ್ಳ್ನ. ಹಿಂದೆ ಭಾರ ಇಲ್ದೆ ಓಡಿ ಅಭ್ಯಾಸ ತಪ್ಪೋಗಿತ್ತು. ಅವ್ಳು ಗಂಟು ಇಡ್ಕೊಳ್ನಿಲ್ಲ."

"ಏನು?"

"ಗಂಟಿಂದ ಈಚೆಗ್ ಇಡ್ಕೊಂಡ್ಳು. ಕೈ ಜಾರ್ತದೆ, ಗಂಟು ಇಡ್ಕೊ ಅಂದೆ. ಅದು ಪದ್ಮೀದು, ನಾನ್ ಮುಟ್ಟಲ್ಲ ಅಂದ್ಳು."

ಟ್ಯಾಂಕಿನ ಪಕ್ಕದಿಂದ ಅದು ಕಾಣುವಂತಿರಲಿಲ್ಲ. ಪದ್ಮಿನಿ ಬಾಯಿಗೆ ಹೊದಿಕೆ ಒತ್ತಿಕೊಂಡಳು. ಕೆಮ್ಮೋ ಅಳುವೋ ತಿಳಿಯದಂತೆ ಮೈ ಕುಲುಕಿತು. ಅವನು ಸ್ಟೂಲನ್ನು ಹತ್ತಿರ ಎಳೆದು, ಸೂಜಿ ಇಲ್ಲದ ಕೈಯನ್ನು ಹಿಡಿದ. ಈ ಸಲ ನಡುವೆ ಟವೆಲ್ ಇರಲಿಲ್ಲ.

"ಓಡಕ್ಕಂತೂ ಆಗಲ್ಲ ಇನ್ನು," ಎಂದ. "ನಡ್ಕೊಂಡು ಬತ್ತೀಯಾ?"

"ಮುಂದೆ ನಾನು ನಡೀತೀನಿ. ನಿನ್ನ ಬೆನ್ನು ನೋಡಿ ಸಾಕಾಯ್ತು."

ಮುಂದಿನ ವರ್ಷ ಯಳಂದೂರಿನಲ್ಲಿ ಅವರ ಮದುವೆಯಾಯಿತು. ಅವನು ಗೊಬ್ಬರದ ಅಂಗಡಿಯಲ್ಲಿ ಕೂತು ಮಾಡುವ ಕೆಲಸ ಹಿಡಿದ. ಅವಳು ಮತ್ತೆ ಅರ್ಜಿ ಹಾಕಲಿಲ್ಲ, ಎದೆ ಮೊದಲಿನಂತಾಗಲಿಲ್ಲ. ಬೆಳಿಗ್ಗೆ ಇಬ್ಬರೂ ಕೆರೆಯ ಕಡೆ ನಡೆಯುತ್ತಾರೆ. ಯಾರಿಗಾದರೂ ಸೀನು ಬಂದರೆ ಇನ್ನೊಬ್ಬರು "ಕತ್ತಿನ್ ಮೇಲಾ ಕೆಳಗಾ?" ಎಂದು ಕೇಳಿ, ಕೆಳಗೆ ಎಂದರೆ ಬಾಗಿಲಿಗೆ ಚಿಲಕ ಹಾಕುತ್ತಾರೆ. ಅಂಗಡಿಗೆ ಯಾವಳಾದರೂ ಬಂದು ಅವನ ಹತ್ತಿರ ನಕ್ಕು ಮಾತಾಡಿದರೆ ಪದ್ಮಿನಿಗೆ ಈಗಲೂ ಪಕ್ಕೆ ಚುಚ್ಚುತ್ತದೆ. ಹೇಳುವುದಿಲ್ಲ. ಅವನೂ ಸಿಳ್ಳೆ ಹಾಕುವುದಿಲ್ಲ.

ಶೃತಿ ಪಾಸಾದಳು. ಬಿಳಿಗಿರಿರಂಗನ ಬೆಟ್ಟದಲ್ಲಿ ಖಾಕಿ ಹಾಕಿಕೊಂಡು ಗಸ್ತು ತಿರುಗುತ್ತಾಳೆ. ಯಳಂದೂರಿನ ಮನೆಯ ಮಾಳಿಗೆಯಿಂದ ಆ ಬೆಟ್ಟ ಪೂರ್ತಿ ಕಾಣುತ್ತದೆ, ಯಾವ ಕಟ್ಟಡವೂ ಅಡ್ಡವಿಲ್ಲ. ಪದ್ಮಿನಿ ಫೋನು ಮಾಡಿದಳು, ಶೃತಿ ಎತ್ತಲಿಲ್ಲ. ಮದುವೆಗೆ ಕರೆದಳು, ಬರಲಿಲ್ಲ. ಆಸ್ಪತ್ರೆಯಲ್ಲಿ ಕತ್ತರಿಸಿ ಬಿಸಾಡಿದ ಟವೆಲ್ಲಿನ ಗಂಟು ಯಾರಿಗೂ ಸಿಗಲಿಲ್ಲ.

ಹೋದದ್ದು ಇಷ್ಟು: ಎರಡು ಕೆಲಸ, ಒಂದು ಮೊಣಕಾಲು, ಒಂದು ಟವೆಲ್, ಒಬ್ಬಳು ಗೆಳತಿ.