ಮೂರನೇ ಬ್ಲಾಕಿನ ನಲ್ಲಿ

ಕಫೂಯೆ ವಸತಿಗೃಹದ ಮೂರನೇ ಬ್ಲಾಕಿನ ನಲ್ಲಿ ಪ್ರತಿ ಗುರುವಾರ ತಪ್ಪದೆ ಸೋರುತ್ತಿತ್ತು. ಫೋನಿನ ಆ್ಯಪ್‌ನಲ್ಲಿ ದೂರು ಬರುತ್ತಿತ್ತು, ಲುಸಾಕಾದಿಂದ ನಾನು ಬೈಕ್ ಹತ್ತುತ್ತಿದ್ದೆ. ನಮ್ಮ ಕಂಪನಿಯ ಇಪ್ಪತ್ತೆರಡು ಕಟ್ಟಡಗಳಿಗೆ ಪ್ಲಂಬರ್ ನಾನೊಬ್ಬಳೇ.

ಮೊದಲ ಸಲವೇ ಕಳ್ಳಾಟ ಹಿಡಿದಿದ್ದೆ.

"ಇದು ತಾನಾಗಿ ಸಡಿಲ ಆಗಿದ್ದಲ್ಲ."

"ನಿಮ್ಮನ್ನ ನೋಡ್ಬೇಕು ಅಂತ ನಲ್ಲಿಗೂ ಅನ್ಸಿರ್ಬೇಕು," ಎಂದ ಕಟ್ಟಡ ನೋಡಿಕೊಳ್ಳುವ ಚೂಲ್ವೆ. ಮೆಕ್ಕೆಜೋಳದ ಪಾನೀಯ ಮುಂಕೋಯೊ ಒಂದು ಲೋಟ ತಣ್ಣಗೆ ಕೈಗಿಟ್ಟು, ನಾನು ಕುಡಿಯುವುದನ್ನೇ ನೋಡುತ್ತ ನಿಂತ. ನನಗೆ ನಾಚಿಕೆಯಾಗಿ ಸ್ಪ್ಯಾನರ್ ಕೆಳಗೆ ಬಿತ್ತು.

ಹನ್ನೊಂದು ಗುರುವಾರ ಹೀಗೇ ಕಳೆದವು, ಅಷ್ಟರಲ್ಲಿ ಮದುವೆಯ ಮಾತೂ ಆಗಿತ್ತು. ನಲ್ಲಿ ಬಿಗಿ ಮಾಡಿ, ಫೋಟೊ ತೆಗೆದು, ಕಾರಣದ ಜಾಗದಲ್ಲಿ 'ವಾಷರ್ ಸವೆದಿದೆ' ಎಂದು ಬರೆಯುತ್ತಿದ್ದೆ. ಪ್ರೀತಿಗಾಗಿ ಹೇಳಿದ ಸುಳ್ಳು ಸುಳ್ಳೇ ಅಲ್ಲ ಅಂದುಕೊಂಡಿದ್ದೆ, ಪೆದ್ದಿ.

ಮಜಬೂಕಾ ವಲಯದ ಮೇಲ್ವಿಚಾರಕರ ಹುದ್ದೆಗೆ ನಾನೂ ಚೂಲ್ವೆಯೂ ಅರ್ಜಿ ಹಾಕಿದೆವು. ಆರು ವರ್ಷದಿಂದ ನಾನು ಕಾದಿದ್ದ ಹುದ್ದೆ ಅದು.

"ಒಂದೇ ನಲ್ಲಿ ಹನ್ನೊಂದು ಸಲ ರಿಪೇರಿ ಮಾಡಿದೀಯಲ್ಲ ತಾಯಿ," ಎಂದರು ಮ್ಯಾನೇಜರ್ ಹಮೂಂಗಾ. "ನೀನು ಮಾಡಿದ ರಿಪೇರಿ ಬಾಳಲ್ಲ ಅಂತ ಆ್ಯಪ್ ಲೆಕ್ಕ ಹಾಕಿದೆ. ಹುದ್ದೆ ಚೂಲ್ವೆಗೆ ಹೋಯ್ತು. ಸಣ್ಣ ದೋಷಾನೂ ಬಿಡದೆ ವರದಿ ಮಾಡ್ತಾನೆ ಹುಡುಗ."

"ಆ್ಯಪ್ ಹೀಗೆ ಲೆಕ್ಕ ಹಾಕುತ್ತೆ ಅಂತ ಅವನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಎರಡು ತಿಂಗಳ ಹಿಂದೆ ಇಲ್ಲೇ ಕೂತು ಕೇಳ್ಕೊಂಡು ಹೋದ."

ಎರಡು ತಿಂಗಳು ಅಂದರೆ ಕಳೆದ ಎಂಟು ಗುರುವಾರ. ನಂಬಿಸಿ ಕತ್ತು ಕೊಯ್ದಿದ್ದ, ಅದೂ ನಗುನಗುತ್ತಾ.

ಗುರುವಾರ ಮತ್ತೆ ದೂರು ಬಂತು. ಹೋದೆ. ಚೂಲ್ವೆ ಲೋಟ ಹಿಡಿದು ನಿಂತಿದ್ದ.

"ಬೈಬೇಡ ಮುತಿಂತಾ. ಮೊದಮೊದಲು ನಿನ್ನ ನೋಡೋಕೇ ದೂರು ಹಾಕ್ತಿದ್ದೆ, ದೇವರಾಣೆ."

"ಆಮೇಲೆ?"

ಅವನು ಲೋಟ ನೋಡಿದ. "ಮದುವೆ ಆಗೋರಲ್ವಾ ನಾವು? ಹುದ್ದೆ ಯಾರಿಗೆ ಸಿಕ್ಕರೇನು?"

"ಹಾಗಿದ್ರೆ ನನಗೇ ಸಿಗೋ ಹಾಗೆ ಮಾಡ್ಬೇಕಿತ್ತು."

ನಲ್ಲಿ ಬಿಗಿ ಮಾಡಿ ಫೋಟೊ ತೆಗೆದೆ. ಕಾರಣದ ಜಾಗದಲ್ಲಿ ನಿಧಾನವಾಗಿ ಬರೆದೆ: 'ನಲ್ಲಿಯಲ್ಲಿ ದೋಷವಿಲ್ಲ. ಪ್ರತಿ ಸಲವೂ ಚೂಲ್ವೆ ಸಡಿಲಿಸಿದ್ದ. ನನಗೆ ಗೊತ್ತಿದ್ದೂ ಸುಳ್ಳು ಬರೆದೆ.'

ನನ್ನ ಹೆಗಲ ಮೇಲಿಂದ ಓದಿದವನ ಮುಖ ಕಪ್ಪಿಟ್ಟಿತು. "ಹುಚ್ಚಾ ನಿಂಗೆ? ನಿನ್ನ ಕೆಲಸಾನೂ ಹೋಗುತ್ತೆ!"

"ಹೋಗ್ಲಿ."

ಅವನ ಕಣ್ಣಲ್ಲಿ ನೀರು ನೋಡಿ ಬೆರಳು ಒಂದು ಕ್ಷಣ ತಡೆಯಿತು. ಈಗಲೂ ಅವನ ಮೇಲೆ ಆಸೆಯಿತ್ತು, ಮುಚ್ಚಿಡುವುದೇನು? ಆದರೂ 'ಮುಗಿಯಿತು' ಗುಂಡಿ ಒತ್ತಿದೆ.

"ಮುಂದಿನ ಗುರುವಾರ..." ಎಂದು ತೊದಲಿದ.

"ನಲ್ಲಿ ನಿಜವಾಗ್ಲೂ ಸೋರಿದ್ರೆ ಬೇರೆ ಯಾರನ್ನಾದ್ರೂ ಕಳಿಸ್ತಾರೆ."

ಬಾಯಾರಿತ್ತು. ಅವನ ಲೋಟ ಮುಟ್ಟದೆ, ನಾನೇ ಬಿಗಿ ಮಾಡಿದ ನಲ್ಲಿಯನ್ನು ತಿರುಗಿಸಿ ಬೊಗಸೆಯಲ್ಲಿ ನೀರು ಕುಡಿದೆ. ನಿಲ್ಲಿಸಿದ ಮೇಲೆ ಒಂದು ಹನಿಯೂ ತೊಟ್ಟಿಕ್ಕಲಿಲ್ಲ.