ಐದಕ್ಕೆ ಎರಡು

"ಏನ್ರೀ, ಒಂದೇ ಸಾಲು ಬರೆದಿದ್ದೀರಿ?"

ಶ್ರಾವಣಿ ಬೆಚ್ಚಿದಳು. ಅಮೆರಿಕದ ರೌಂಡ್ ರಾಕ್ ಆಫೀಸಿನಲ್ಲಿ ಕನ್ನಡ! ತಲೆ ಎತ್ತಿದರೆ ಹೊಸ ಮ್ಯಾನೇಜರ್ ಅನೂಪ್.

2018ರ ಜನವರಿ. ಪ್ರತಿ ವರ್ಷದ ಆಟ ಅದು. ಕಂಪನಿಯ ಮೌಲ್ಯಗಳು ಗೋಡೆ ಮೇಲೆ, ನಮ್ಮ ಮೌಲ್ಯಗಳು ನಾವೇ ಬರೆದುಕೊಡುವ ಕಾರ್ಡಿನ ಮೇಲೆ. ಎರಡೂ ಎಷ್ಟು ಹೊಂದುತ್ತವೆ ಅಂತ ವರ್ಷದ ಕೊನೆಗೆ ಮ್ಯಾನೇಜರ್ ಐದಕ್ಕೆ ಮಾರ್ಕ್ಸ್ ಕೊಡಬೇಕು.

"ಸುಳ್ಳಿಗೆ ಸಹಿ ಹಾಕಲ್ಲ. ಅಷ್ಟೇ ಸರ್."

"ಗೋಡೆ ಮೇಲೂ ಪ್ರಾಮಾಣಿಕತೆ ಅಂತಿದೆ. ಕಂಪನಿಗೆ ಹೇಳಿ ಮಾಡಿಸಿದ ಹಾಗಿದ್ದೀರಿ!" ಅಂತ ನಕ್ಕ.

ಆ ನಗುವಿಗೇ ಹುಡುಗಿ ಬಿದ್ದಳು ನೋಡಿ! ಪಾಪ, ಗೋಡೆಯನ್ನೂ ನಂಬಿದಳು, ನಕ್ಕವನನ್ನೂ ನಂಬಿದಳು.

ಪಕ್ಕದ ಊರು ಫ್ಲೂಗರ್‌ವಿಲ್‌ನ ಅವಳ ಮನೆಯಲ್ಲಿ ಅವನಿಗೆ ಭಾನುವಾರದ ಉಪ್ಪಿಟ್ಟು ಶುರುವಾಯಿತು. 'ಸರ್' ಹೋಗಿ 'ನೀನು' ಬಂತು.

ಡಿಸೆಂಬರ್‌ನಲ್ಲಿ ಎಲ್ಲ ಕೆಟ್ಟಿತು. ಆಸ್ಪತ್ರೆಯಲ್ಲಿ ಡ್ರಿಪ್ ಕೊಡುವ ಪಂಪಿನ ಸಾಫ್ಟ್‌ವೇರನ್ನು ಟೆಸ್ಟ್ ಮಾಡಿದವಳು ಅವಳು. ನೂರರಲ್ಲಿ ಮೂರು ಸಲ ಔಷಧಿ ಮುಗಿದರೂ ಅಲಾರ್ಮ್ ಹೊಡೆಯಲಿಲ್ಲ. 'ಪಾಸ್ ಅಂತ ಸಹಿ ಹಾಕು' ಅಂದರು ಮೇಲಿನವರು. ಅವಳು ಹಾಕಲಿಲ್ಲ.

ಶುಕ್ರವಾರ ರಿವ್ಯೂ ಬಂತು. ಮೌಲ್ಯಗಳ ಹೊಂದಾಣಿಕೆ: ಐದಕ್ಕೆ ಎರಡು. ಕೊಟ್ಟವನು ಅನೂಪ್!

ಸೋಮವಾರ ಅದೇ ಮಾರ್ಕ್ಸ್ ತೋರಿಸಿ ಕೆಲಸದಿಂದ ತೆಗೆದರು. ವೀಸಾ ನಿಯಮದಂತೆ ಇನ್ನು ಅರವತ್ತು ದಿನದಲ್ಲಿ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು.

'ನನ್ನ ಕೈಯಾರೆ ಬಡಿಸಿದ್ದೆನಲ್ಲ ಇವನಿಗೆ...' ಅತ್ತು ಅತ್ತು ಕಣ್ಣು ಊದಿಕೊಂಡವು.

ಮಂಗಳವಾರ ಸಂಜೆ ಅವನೇ ಬಾಗಿಲು ತಟ್ಟಿದ.

"ಯಾಕೆ ಬಂದೆ? ಉಳಿದ ಎರಡೂ ಕಿತ್ಕೊಳ್ಳೋಕಾ?"

"ನಿನ್ನ ಆ ಪ್ರಾಜೆಕ್ಟಿಂದ ತೆಗೀಲಿ ಅಂತ ಕೊಟ್ಟೆ ಕಣೇ. ಮಾರ್ಕ್ಸ್ ಕಮ್ಮಿ ಇದ್ರೆ ಬೇರೆ ಟೀಮಿಗೆ ಹಾಕ್ತಿದ್ರು. ಸಹಿ ಗಲಾಟೆಯಿಂದ ನೀನು ಬಚಾವಾಗ್ತೀಯ ಅಂದ್ಕೊಂಡೆ. ಈ ಸಲ ಕೆಲಸದಿಂದಲೇ ತೆಗೀತಾರೆ ಅಂತ ನಂಗೇನು ಗೊತ್ತು?"

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಇಲ್ಲ. ಕೇಳ್ಬೇಕಿತ್ತು."

"ನನ್ನ ತೆಗೆದ ಮೇಲೆ ಸಹಿ ಯಾರು ಹಾಕಿದ್ರು?... ಅನೂಪ್, ನೀನಾ?"

"ನಾನೇ. ಗ್ರೀನ್ ಕಾರ್ಡ್ ಕೈತಪ್ಪುತ್ತೆ ಅಂತ ಹೆದರಿ ಹಾಕ್ಬಿಟ್ಟೆ."

ಛೀ! ಕೆಲಸ ಹೋದಾಗಲೂ ಅವಳಿಗೆ ಇಷ್ಟು ನೋವಾಗಿರಲಿಲ್ಲ.

"ಇವತ್ತು ಬೆಳಿಗ್ಗೆ ಆ ಸಹಿ ವಾಪಸ್ ತಗೊಂಡೆ. ನಿನ್ನ ರಿಪೋರ್ಟನ್ನ ಆಸ್ಪತ್ರೆಯವರಿಗೇ ಕಳಿಸಿದೆ. ಮಧ್ಯಾಹ್ನ ನನ್ನ ಬ್ಯಾಡ್ಜ್ ಕಿತ್ಕೊಂಡು ಹೊರಗೆ ಹಾಕಿದ್ರು."

"ಪಂಪ್ ಆಸ್ಪತ್ರೆಗೆ ಹೋಗ್ಲಿಲ್ಲ ತಾನೇ?"

"ಇಲ್ಲ. ಆರ್ಡರ್ ನಿಲ್ಲಿಸಿದ್ರು."

ಅವಳು ಬಾಗಿಲಿಗೆ ಒರಗಿ ಉಸಿರು ಬಿಟ್ಟಳು.

"ನಿನ್ನ ತುಂಬಾ ಪ್ರೀತಿಸ್ತೀನಿ ಶ್ರಾವಣಿ. ನಂಬು ಅಂತ ಕೇಳೋಕೆ ಮುಖ ಇಲ್ಲ."

"ನಂಬಲ್ಲ." ಕಣ್ಣು ಒರೆಸಿಕೊಂಡಳು. "ಪ್ರೀತಿ ಮಾತ್ರ ಹೋಗ್ತಿಲ್ಲ, ಹಾಳಾದ್ದು!"

"ಕಾಯ್ಲಾ?"

"ಕಾಯಿ. ಆದ್ರೆ ನನ್ನ ಒಳ್ಳೇದಕ್ಕೆ ಅಂತ ನನಗೆ ಹೇಳದೆ ಇನ್ನೇನೂ ಮಾಡ್ಬೇಡ."

"ಮಾಡಲ್ಲ."

ಅವಳು ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಊಟ ಆಯ್ತಾ?"

"ಇಲ್ಲ..."

"ನನ್ನದೂ ಇಲ್ಲ. ಬಾ."